ವಸಂತಣ್ಣನನ್ನು ಊರಿಗೆ ಕರೆತಂದ ರಾತ್ರಿ

ಆ ರಾತ್ರಿ ನಾನು ಮಂಗಳೂರಿನಲ್ಲಿ ಇಳಿದದ್ದಕ್ಕೆ ನನ್ನ ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ. ವಿಮಾನದ ಇಪ್ಪತ್ತೆರಡನೆಯ ಸಾಲಿನಲ್ಲಿ ಕುಳಿತಿದ್ದೆ ಎಂಬುದಕ್ಕೆ ಬೋರ್ಡಿಂಗ್ ಪಾಸಿನ ಹರಿದ ತುಂಡು ಇದೆ. ಉಳಿದದ್ದಕ್ಕೆ ನನ್ನ ಬಾಯಿಮಾತೇ ಗತಿ. ನಂಬದವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಹೆಸರು ಹಮೀದ್. ಊರು ಬಂಟ್ವಾಳ ತಾಲೂಕಿನ ಕನ್ಯಾನ. ಒಂಬತ್ತು ವರ್ಷಗಳಿಂದ ಸೌದಿಯ ದಮಾಮ್‌ನಲ್ಲಿ ಒಂದು ಕಂಪೆನಿಯ ಉಗ್ರಾಣದಲ್ಲಿ ಕೆಲಸ. ಕೆಲಸಗಾರರ ಕ್ಯಾಂಪಿನ ಕೋಣೆಯಲ್ಲಿ ನಾವು ಇಬ್ಬರು. ನಾನು ಮತ್ತು ಮೂಡಬಿದಿರೆ ಹತ್ತಿರದ ಶಿರ್ತಾಡಿಯ ವಸಂತಣ್ಣ. ಅವರು ಅಲ್ಲಿಯೇ ಕ್ರೇನ್ ಆಪರೇಟರ್. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ.

ಕ್ಯಾಂಪಿನಲ್ಲಿ ಯಾರೇ ಊರಿಗೆ ಹೊರಟರೂ ಅವರ ಪೆಟ್ಟಿಗೆ ಕಟ್ಟುವುದು ವಸಂತಣ್ಣ. ಕೊಕ್ಕೆಗೆ ನೇತುಹಾಕುವ ಸಣ್ಣ ತೂಕದ ಯಂತ್ರ, ಅಗಲದ ಟೇಪು, ಬ್ಯಾಗಿನ ಸುತ್ತ ಬಿಗಿಯುವ ಬೆಲ್ಟು, ಎಲ್ಲವೂ ಅವರ ಮಂಚದ ಕೆಳಗೆ ಇರುತ್ತಿತ್ತು. ಭಾರದ್ದು ಚಕ್ರದ ಬದಿಗೆ, ಹಾಲಿನ ಪುಡಿಯ ಡಬ್ಬಿ ಬಟ್ಟೆಯ ಮಧ್ಯೆ, ಚಾರ್ಜರು ಕೈಚೀಲದ ಮೇಲಿನ ಜಿಪ್ಪಿಗೆ. ಪಾಸ್‌ಪೋರ್ಟ್ ಮಾತ್ರ ಸೊಂಟದ ಚೀಲದಲ್ಲೇ ಇರಬೇಕು, ಕಾಗದ ಕೈಯಲ್ಲಿ ಹಿಡಿದು ತಿರುಗಬಾರದು. ಮೊದಲ ಸಲ ಹೋಗುವವರಿಗೆ ಇನ್ನೂ ಒಂದು ಪಾಠ ಇತ್ತು.

"ವಿಮಾನ ಮೇಲೆ ಹೋದ ಮೇಲೆ ಶೂ ಬಿಚ್ಚಿ ಕೂತುಕೊಳ್ಳಿ. ಕಾಲು ಬಾತುಕೊಳ್ತದೆ. ಆದರೆ ಚಳಿ ಉಂಟು, ಉಣ್ಣೆಯ ಸಾಕ್ಸ್ ಒಂದು ಇರಲಿ ಮಾರಾಯ."

ಕಳೆದ ಚಳಿಗಾಲದಲ್ಲಿ ಅವರ ರಜೆಗೆ ಇನ್ನು ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಐದು ಗಂಟೆಗೆ ಅವರ ಅಲಾರಾಂ ಹೊಡೆದುಕೊಳ್ಳುತ್ತಲೇ ಇತ್ತು. ನಿಲ್ಲಿಸಿ ಎಂದೆ. ನಿಲ್ಲಲಿಲ್ಲ. ಎದ್ದು ನಾನೇ ನಿಲ್ಲಿಸಿದೆ. ಭುಜ ಮುಟ್ಟಿದೆ...

ನಿದ್ದೆಯಲ್ಲೇ ಹೃದಯ ನಿಂತಿತ್ತು ಎಂದರು ಡಾಕ್ಟರು.

ಅಂದಿನಿಂದ ನನಗೆ ಏನೋ ಆಯಿತು. ಅಳು ಬರಲಿಲ್ಲ. ಊಟ ಮಾಡಿದೆ, ಉಗ್ರಾಣಕ್ಕೆ ಹೋದೆ, ಲೆಕ್ಕದ ಪಟ್ಟಿಗೆ ಸಹಿ ಹಾಕಿದೆ. ಕೈಯನ್ನು ತುಂಬಾ ಹೊತ್ತು ಮಂಜುಗಡ್ಡೆಯ ನೀರಿನಲ್ಲಿ ಇಟ್ಟು ತೆಗೆದರೆ ಬೆರಳು ನಮ್ಮದಲ್ಲ ಎನಿಸುತ್ತದಲ್ಲ, ಇಡೀ ಮೈ ಹಾಗೆ ಇತ್ತು. ಜನ ಬಂದು ಭುಜ ತಟ್ಟಿ ಹೋಗುತ್ತಿದ್ದರು. ಯಾರದೋ ಭುಜ.

ಕಾಗದಪತ್ರ ಆಗಲು ಹನ್ನೊಂದು ದಿನ ಹಿಡಿಯಿತು. ಪೊಲೀಸರದ್ದು, ಆಸ್ಪತ್ರೆಯದ್ದು, ರಾಯಭಾರ ಕಚೇರಿಯದ್ದು. ಜತೆಗೆ ಹೋಗಲು ಕಂಪೆನಿ ನನ್ನನ್ನೇ ಹೇಳಿತು.

ಊರಿನಲ್ಲಿ ಅವರ ಅಣ್ಣ ಜಗನ್ನಾಥಣ್ಣನಿಗೆ ಮಾತ್ರ ವಿಷಯ ಗೊತ್ತಿತ್ತು. ವಸಂತಣ್ಣನ ಹೆಂಡತಿ ಸುಮತಿ ಅಕ್ಕನಿಗೆ ಹೇಳಿರಲಿಲ್ಲ. ಅವರಿಗೆ ರಕ್ತದೊತ್ತಡದ ತೊಂದರೆ. ಒಮ್ಮೆ ಆಸ್ಪತ್ರೆ ಸೇರಿ ಬಂದವರು.

"ಹೆಣ ಯಾವಾಗ ಬರ್ತದೆ ಅಂತ ಗೊತ್ತಿಲ್ಲದೆ ಅವಳು ಇಷ್ಟು ದಿನ ಹೇಗೆ ಕೂತುಕೊಳ್ಳುವುದು?" ಎಂದಿದ್ದರು ಜಗನ್ನಾಥಣ್ಣ ಫೋನಿನಲ್ಲಿ. "ಹುಷಾರಿಲ್ಲ, ಐಸಿಯುನಲ್ಲಿ ಇದ್ದಾನೆ ಅಂತ ಹೇಳಿದ್ದೇನೆ. ಹಮೀದ್ ಕರ್ಕೊಂಡು ಬರ್ತಾನೆ ಅಂದಿದ್ದೇನೆ. ನೀನೂ ಹಾಗೆಯೇ ಹೇಳು. ಬಂದ ಮೇಲೆ ನೋಡುವ."

ಸುಮತಿ ಅಕ್ಕ ನನಗೆ ಪ್ರತಿದಿನ ಸಂಜೆ ಫೋನ್ ಮಾಡುತ್ತಿದ್ದರು.

"ಈಗ ಹೇಗಿದ್ದಾರೆ?"

"ಹಾಗೆಯೇ ಇದ್ದಾರೆ ಅಕ್ಕ. ನಿದ್ದೆ."

"ಮಾತಾಡುದಿಲ್ವಾ?"

"ಡಾಕ್ಟರು ಬಿಡುವುದಿಲ್ಲ."

ಹನ್ನೊಂದು ದಿನ ಇದೇ ಸುಳ್ಳು. ಹೇಳುವಾಗ ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಅದು ನನಗೇ ಸರಿ ಕಾಣುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಕ್ಯಾಂಪಿನ ಮೇಲ್ವಿಚಾರಕ ಬಂದು ವಸಂತಣ್ಣನ ಸಾಮಾನನ್ನೆಲ್ಲ ಅವರದೇ ನೀಲಿ ಕೈಚೀಲಕ್ಕೆ ತುಂಬಿಸಿದ. ಪಟ್ಟಿ ಬರೆದ. ಕೈಗಡಿಯಾರ, ಕನ್ನಡಕ, ಕುತ್ತಿಗೆಗೆ ಹಾಕುವ ದಿಂಬು, ಮೊಬೈಲು, ತೂಕದ ಯಂತ್ರ, ನೋವಿನ ಮುಲಾಮಿನ ಡಬ್ಬಿ, ಬೂದು ಬಣ್ಣದ ಉಣ್ಣೆಯ ಸಾಕ್ಸ್ ಒಂದು ಜತೆ... ಹೀಗೆ ಇಪ್ಪತ್ತಮೂರು ವಸ್ತು. ಪಟ್ಟಿಯ ಒಂದು ಪ್ರತಿ ಒಳಗೆ, ಒಂದು ನನ್ನ ಕೈಗೆ. ಆಮೇಲೆ ಜಿಪ್ಪಿನ ಎರಡು ಕೊಂಡಿ ಸೇರಿಸಿ ಕೆಂಪು ಪ್ಲಾಸ್ಟಿಕ್ಕಿನ ಸೀಲು ಬಿಗಿದ. ಅದರ ಮೇಲೆ ಒಂದು ಸಂಖ್ಯೆ ಅಚ್ಚಾಗಿತ್ತು, ಪಟ್ಟಿಯಲ್ಲೂ ಅದನ್ನು ಬರೆದ. ಕತ್ತರಿಸದೆ ಬಿಚ್ಚಲು ಬರುವ ಜಾತಿಯ ಸೀಲಲ್ಲ ಅದು.

"ಮನೆಯವರ ಎದುರು ಮಾತ್ರ ತೆಗೆಯಬೇಕು," ಎಂದ.

ವಿಮಾನ ನಿಲ್ದಾಣದಲ್ಲಿ ವಸಂತಣ್ಣನಿದ್ದ ಪೆಟ್ಟಿಗೆಯನ್ನು ಸರಕಿನ ಕಡೆಯಿಂದ ಕಳುಹಿಸಿದರು. ಸರಕಿಗೆ ತೂಕ ಹಾಕುತ್ತಾರೆ. ಪ್ಲೈವುಡ್ಡಿನ ಉದ್ದದ ಪೆಟ್ಟಿಗೆ ಕಬ್ಬಿಣದ ಹಲಗೆಯ ಮೇಲೆ ಕುಳಿತಿತು, ಎದುರಿನ ಕೆಂಪು ಅಂಕಿಗಳು ಓಡಿ ಓಡಿ ನಿಂತವು. ಎಷ್ಟು ಎಂದು ನಾನು ನೋಡಲಿಲ್ಲ.

ನೀಲಿ ಕೈಚೀಲ ಹಿಡಿದು ವಿಮಾನ ಹತ್ತಿದೆ. ತಲೆಯ ಮೇಲಿನ ಡಬ್ಬಿಯಲ್ಲಿ ಅದನ್ನು ಇಟ್ಟೆ. ಮುಚ್ಚಳ ಟಕ್ ಎಂದು ಕೂತಿತು. ನನ್ನದು ನಡೆಯುವ ದಾರಿಯ ಬದಿಯ ಸೀಟು. ಮಧ್ಯದ್ದು ಖಾಲಿ. ಕಿಟಕಿ ಬದಿಯಲ್ಲಿ ಕುಳಿತವನು ಟೊಪ್ಪಿಯನ್ನು ಕಣ್ಣಿಗೆ ಎಳೆದುಕೊಂಡು ಹತ್ತಿದ ಕೂಡಲೇ ನಿದ್ದೆ ಹೋಗಿದ್ದ.

ಕೆಳಗೆ, ನಮ್ಮ ಕಾಲಡಿಯ ಸರಕಿನ ಕೋಣೆಯಲ್ಲಿ ಎಲ್ಲೋ ವಸಂತಣ್ಣ ಇದ್ದರು. ಅದನ್ನು ಯೋಚಿಸಿದೆ. ಯೋಚನೆ ಬಂತು, ಹೋಯಿತು. ಏನೂ ಆಗಲಿಲ್ಲ.

ಊಟದ ತಟ್ಟೆ ಬಂತು. ಬಿಚ್ಚದೆ ಹಿಂದೆ ಕೊಟ್ಟೆ. ದೀಪ ಆರಿಸಿದರು. ಅಭ್ಯಾಸಬಲದಿಂದ ಶೂ ಬಿಚ್ಚಿದೆ. ಆಗಲೇ ಗೊತ್ತಾದದ್ದು, ಬೆಳಿಗ್ಗೆ ಗಡಿಬಿಡಿಯಲ್ಲಿ ಸಾಕ್ಸ್ ಹಾಕದೆ ಬರಿಗಾಲಿಗೇ ಶೂ ಸಿಕ್ಕಿಸಿ ಹೊರಟಿದ್ದೆ. ಕೆಳಗಿನ ಗಾಳಿ ಐಸಿನ ಹಾಗೆ ಪಾದಕ್ಕೆ ತಾಗುತ್ತಿತ್ತು. ಹೊದಿಕೆ ಕೇಳಲು ಗುಂಡಿ ಒತ್ತಬೇಕಿತ್ತು. ಕೈ ಎತ್ತಲು ಮನಸ್ಸಾಗಲಿಲ್ಲ. ಹಾಗೆಯೇ ಕಣ್ಣು ಮುಚ್ಚಿದೆ.

ಎಷ್ಟು ಹೊತ್ತು ಕಳೆಯಿತೋ...

ಮಧ್ಯದ ಸೀಟಿನ ಮೆತ್ತೆ ಉಸ್ ಎಂದು ಗಾಳಿ ಬಿಟ್ಟಿತು. ಯಾರೋ ಭಾರವಾದವರು ಕುಳಿತ ಹಾಗೆ. ಬೆಲ್ಟಿನ ಕೊಂಡಿ ಸಿಕ್ಕಿಸಿದ ಸದ್ದು, ಕಟಕ್. ಕಿಟಕಿ ಬದಿಯವನು ಈಚೆ ಬಂದು ಕೂತಿರಬೇಕು ಎಂದುಕೊಂಡೆ. ಕಣ್ಣು ತೆರೆಯಲಿಲ್ಲ.

ಆಮೇಲೆ ವಾಸನೆ ಬಂತು. ನೋವಿನ ಮುಲಾಮಿನದ್ದು. ಒಂಬತ್ತು ವರ್ಷ ಪ್ರತಿ ರಾತ್ರಿ ಮಂಡಿಗೆ ತಿಕ್ಕಿಕೊಂಡು ಮಲಗುವವರ ಪಕ್ಕದ ಮಂಚದಲ್ಲಿ ಮಲಗಿದವನು ನಾನು. ಆ ವಾಸನೆ ಬಂದರೆ ನನಗೆ ನಿದ್ದೆ ಬರುವ ಹೊತ್ತಾಯಿತು ಎಂದೇ ಅರ್ಥ.

"ಗಂಟೆ ಎಷ್ಟು?" ಎಂದರು. ತುಳುವಿನಲ್ಲಿ.

"ಹತ್ತು ದಾಟಿತು," ಎಂದೆ.

"ಊರಿನದ್ದು ಹೇಳು ಮಾರಾಯ."

"ಹನ್ನೆರಡು ಮುಕ್ಕಾಲು. ಮಲಗಿ ವಸಂತಣ್ಣ."

ಇಷ್ಟೇ ಮಾತು. ಹೆದರಿಕೆ ಆಯಿತಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ದಿನಾ ರಾತ್ರಿ ಕತ್ತಲೆಯಲ್ಲಿ ಅವರು ಗಂಟೆ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಅವರು ಸತ್ತಿದ್ದಾರೆ ಎಂಬುದು ಆ ಕ್ಷಣಕ್ಕೆ ನನಗೆ ನೆನಪಾಗಲೇ ಇಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಕಾಲನ್ನು ಯಾರೋ ಹಿಡಿದು ಎತ್ತಿದರು. ಮೆಲ್ಲನೆ. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಏನೋ ದಪ್ಪನೆಯದನ್ನು ಮೇಲಕ್ಕೆ ಎಳೆದರು. ಇನ್ನೊಂದು ಕಾಲಿಗೂ ಹಾಗೆಯೇ. ಬೆಚ್ಚಗಾಯಿತು. ಹನ್ನೊಂದು ದಿನಗಳಲ್ಲಿ ಮೊದಲ ಸಲ ನನಗೆ ಒಳ್ಳೆಯ ನಿದ್ದೆ ಬಂತು.

ಎಚ್ಚರವಾದದ್ದು ಚಕ್ರ ನೆಲಕ್ಕೆ ಬಡಿದಾಗ. ಊರಿನ ಗಂಟೆ ಮೂರು. ಮಧ್ಯದ ಸೀಟು ಖಾಲಿ. ಅದರ ಬೆಲ್ಟು ಮಾತ್ರ ಕೊಂಡಿ ಹಾಕಿಕೊಂಡು ಬಿಗಿಯಾಗಿ ಕುಳಿತಿತ್ತು. ಕನಸು ಎಂದುಕೊಂಡೆ. ಜನ ಎದ್ದು ನೂಕುತ್ತಿದ್ದರು. ಕತ್ತಲೆಯಲ್ಲೇ ತಡಕಾಡಿ ಶೂವಿನೊಳಗೆ ಕಾಲು ತುರುಕಿದೆ. ಬಿಗಿ ಆಯಿತು. ಕಾಲು ಬಾತಿದೆ, ಅಷ್ಟೇ ಎಂದುಕೊಂಡು ಮೇಲಿನಿಂದ ಚೀಲ ತೆಗೆದೆ. ಕೆಂಪು ಸೀಲು ಇದ್ದ ಹಾಗೆಯೇ ಇತ್ತು.

ಹೊರಗೆ ಜಗನ್ನಾಥಣ್ಣ ಆಂಬುಲೆನ್ಸ್ ತಂದಿದ್ದರು. ಉದ್ದದ ಮನುಷ್ಯ, ಮೂಡಬಿದಿರೆಯಲ್ಲಿ ಹೋಟೆಲು ನಡೆಸುವವರು. ನನ್ನ ಕೈ ಹಿಡಿದು ನಿಂತರು. ಪೆಟ್ಟಿಗೆ ಕೈಗೆ ಸಿಗಲು ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಹಿಂದೆ ಪೆಟ್ಟಿಗೆ, ಪಕ್ಕದ ಬೆಂಚಿನಲ್ಲಿ ನಾವಿಬ್ಬರು. ಸೈರನ್ ಹಾಕಬೇಡ ಎಂದು ಡ್ರೈವರನಿಗೆ ಹೇಳಿದರು.

ಮೂಡಬಿದಿರೆ ದಾಟುವವರೆಗೂ ತಿರುವಿನಲ್ಲಿ ಪೆಟ್ಟಿಗೆ ಅರ್ಧ ಬೆರಳಿನಷ್ಟು ಸರಿಯುತ್ತಿತ್ತು, ಮತ್ತೆ ಹಿಂದೆ ಬರುತ್ತಿತ್ತು. ಅದರ ಕಿರ್ ಕಿರ್ ಸದ್ದು. ಪ್ಲೈವುಡ್ಡಿನ, ಆಸ್ಪತ್ರೆಯ ಔಷಧಿಯ ವಾಸನೆ. ಜಗನ್ನಾಥಣ್ಣ ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದರು.

ಶಿರ್ತಾಡಿ ಹತ್ತಿರ ಬರುವಾಗ ಕೇಳಿದರು.

"ಹಮೀದ್, ಅವಳಿಗೆ ನೀನು ಹೇಳ್ತೀಯಾ? ನನಗೆ ಬಾಯಿ ಬರುದಿಲ್ಲ."

"ಹೇಳ್ತೇನೆ," ಎಂದೆ. ಯಾರೋ ಉಪ್ಪು ಕೊಡು ಎಂದ ಹಾಗೆ.

ಮನೆಯ ಎಲ್ಲ ದೀಪಗಳೂ ಉರಿಯುತ್ತಿದ್ದವು. ಇನ್ನೂ ಬೆಳಕಾಗಿರಲಿಲ್ಲ. ಅಂಗಳ ಗುಡಿಸಿ ನೀರು ಹಾಕಿತ್ತು. ಬಚ್ಚಲಿನಿಂದ ಹೊಗೆ ಬರುತ್ತಿತ್ತು. ಸುಮತಿ ಅಕ್ಕ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದರು. ಮುಖದಲ್ಲಿ ಹನ್ನೊಂದು ದಿನದ ಆತಂಕ ಇರಲಿಲ್ಲ. ನಗು ಕೂಡ ಇತ್ತು.

ಡ್ರೈವರ್ ಇಂಜಿನ್ ನಿಲ್ಲಿಸಿದ. ನಾವಿಬ್ಬರೂ ಇಳಿದೆವು. ಹಿಂದಿನ ಬಾಗಿಲನ್ನು ಜಗನ್ನಾಥಣ್ಣ ಎಳೆದು ಮುಚ್ಚಿದರು.

"ಬನ್ನಿ ಹಮೀದ್," ಎಂದರು ಸುಮತಿ ಅಕ್ಕ. "ಬಿಸಿನೀರು ಉಂಟು. ಮೊದಲು ಕಾಲಿಗೆ ಹಾಕಿಕೊಳ್ಳಿ. ಚಳಿ ಆಯ್ತಲ್ಲ ನಿಮಗೆ ವಿಮಾನದಲ್ಲಿ."

ನಾನು ಅಲ್ಲೇ ನಿಂತೆ.

"ಯಾರು ಹೇಳಿದ್ದು?" ಎಂದರು ಜಗನ್ನಾಥಣ್ಣ.

"ಅವರೇ. ರಾತ್ರಿ ಫೋನ್ ಮಾಡಿದ್ರಲ್ಲ." ಅವರು ನಮ್ಮ ಹಿಂದೆ ಆಂಬುಲೆನ್ಸಿನ ಕಡೆ ನೋಡುತ್ತಲೇ ಹೇಳಿದರು. "ಹನ್ನೆರಡು ಮುಕ್ಕಾಲು ದಾಟಿತ್ತು. ವಿಮಾನದಲ್ಲಿದ್ದೇನೆ ಅಂದ್ರು. ಹಮೀದ್ ಪಕ್ಕದಲ್ಲಿ ಮಲಗಿದ್ದಾನೆ, ಊಟ ಮಾಡ್ಲಿಲ್ಲ, ಅವನ ಕಾಲು ಐಸ್ ಆಗಿತ್ತು, ನನ್ನ ಸಾಕ್ಸ್ ಹಾಕಿದೆ ಅಂದ್ರು. ಆ ಬೂದು ಸಾಕ್ಸ್, ನಾನೇ ತೆಗೆದುಕೊಟ್ಟದ್ದು."

ಸ್ವಲ್ಪ ತಡೆದು ಕೇಳಿದರು.

"ಮಾತಾಡುವಷ್ಟು ಹುಷಾರಾಗಿದ್ದಾರೆ. ಮತ್ತೆ ಯಾಕೆ ಹಿಂದೆ ಮಲಗಿಸಿ ತಂದದ್ದು?"

ಬಚ್ಚಲಿನ ಒಲೆಯಲ್ಲಿ ಏನೋ ಚಟ್ ಎಂದಿತು.

ಜಗನ್ನಾಥಣ್ಣ ನನ್ನ ತೋಳು ಹಿಡಿದು ಬಾವಿಕಟ್ಟೆಯ ಆಚೆ ಎಳೆದುಕೊಂಡು ಹೋದರು. ಬೆರಳುಗಳು ತೋಳಿನೊಳಗೆ ಊರಿದ್ದವು.

"ನೀನು ಮಾಡಿದ್ದಾ?" ಪಿಸುದನಿಯಲ್ಲಿ ಕೇಳಿದರು. "ಅವನ ಫೋನಿನಲ್ಲಿ ನೀನು ಮಾತಾಡಿದ್ದಾ? ಸತ್ಯ ಹೇಳು."

"ಇಲ್ಲ."

"ಮತ್ತೆ ಯಾರು ಮಾಡಿದ್ದು?"

"ಗೊತ್ತಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ನಿಧಾನಕ್ಕೆ ಅವರ ದೃಷ್ಟಿ ಕೆಳಗೆ ಹೋಯಿತು.

"ಶೂ ಬಿಚ್ಚು," ಎಂದರು.

ನಾನು ಬಾವಿಕಟ್ಟೆಯ ಮೇಲೆ ಕುಳಿತೆ. ಲೇಸು ಬಿಚ್ಚಲು ಕೈ ಬರಲಿಲ್ಲ. ಅವರೇ ಬಗ್ಗಿ ಬಲಗಾಲಿನ ಶೂ ಎಳೆದರು. ಬಾವಿಯ ಹತ್ತಿರದ ಬಲ್ಬಿನ ಬೆಳಕಿನಲ್ಲಿ ಕಂಡದ್ದು ದಪ್ಪ ಉಣ್ಣೆ. ಬೂದು ಬಣ್ಣ. ಮೇಲೆ ಕಡುಗೆಂಪು ಪಟ್ಟಿ.

ಅವರು ಶೂವನ್ನು ನನ್ನ ಪಕ್ಕದಲ್ಲಿ ನೆಟ್ಟಗೆ ಇಟ್ಟರು. ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಅಸಹ್ಯ. ಸತ್ತವನ ಚೀಲ ಬಿಚ್ಚಿ, ಅವನ ಸಾಕ್ಸ್ ಹಾಕಿಕೊಂಡು, ಅವನ ಹೆಂಡತಿಗೆ ಅವನ ಹಾಗೆ ಫೋನ್ ಮಾಡಿದವನನ್ನು ನೋಡಿದರೆ ಯಾರಿಗಾದರೂ ಬರುವಂಥದ್ದು.

ನಾನು ಒಂದು ಕಾಲಿಗೆ ಶೂ, ಒಂದು ಕಾಲಿಗೆ ಬರೀ ಸಾಕ್ಸ್, ಹಾಗೆಯೇ ಅಂಗಳ ದಾಟಿ ಜಗಲಿಗೆ ಹೋದೆ. ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೆನಲ್ಲ.

"ಸುಮತಿ ಅಕ್ಕ," ಎಂದೆ. "ವಸಂತಣ್ಣ ತೀರಿಹೋಗಿ ಹನ್ನೊಂದು ದಿನ ಆಯ್ತು."

ಅವರು ನನ್ನ ಕಾಲನ್ನು ನೋಡುತ್ತಿದ್ದರು. ಆಮೇಲೆ ಆಂಬುಲೆನ್ಸನ್ನು. ಕಂಬಕ್ಕೆ ಒರಗಿ ಮೆಲ್ಲ ಮೆಲ್ಲನೆ ಕೆಳಗೆ ಕೂತರು.

"ಹನ್ನೊಂದು ದಿನವಾ?"

"ಹೌದು."

"ಹಾಗಾದ್ರೆ ರಾತ್ರಿ ನನ್ನ ಹತ್ತಿರ ಮಾತಾಡಿದ್ದು ಯಾರು?"

ಒಳಗಿನಿಂದ ಮಗಳು ಓಡಿಬಂದಳು. ನೆರೆಮನೆಯವರು ಬಂದರು. ಅಳು ಎದ್ದಿತು. ಸುಮತಿ ಅಕ್ಕ ಮಾತ್ರ ಅಳಲಿಲ್ಲ. ಆ ಪ್ರಶ್ನೆಯನ್ನೇ ಹಿಡಿದು ಕುಳಿತಿದ್ದರು. ನಾನು ಸಾಕ್ಸ್ ಬಿಚ್ಚಿ, ಮಡಚಿ, ಅವರ ಪಕ್ಕದಲ್ಲಿ ಇಟ್ಟೆ. ಇನ್ನೂ ಬೆಚ್ಚಗಿತ್ತು.

ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಜಗನ್ನಾಥಣ್ಣ ಇಬ್ಬರು ನೆಂಟರನ್ನು ಸಾಕ್ಷಿಗೆ ಕೂರಿಸಿಕೊಂಡು ನೀಲಿ ಚೀಲವನ್ನು ಮೇಜಿನ ಮೇಲಿಟ್ಟರು. ನನ್ನ ಕೈಯ ಪಟ್ಟಿ ಕೇಳಿದರು. ಸೀಲಿನ ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿ ತಾಳೆ ನೋಡಿದರು. ಸರಿಯಿತ್ತು. ಜಗ್ಗಿ ನೋಡಿದರು. ಬಿಡಲಿಲ್ಲ. ಜಿಪ್ಪು, ಹೊಲಿಗೆ, ತಳ, ಎಲ್ಲ ಕಡೆ ಬೆರಳಾಡಿಸಿದರು. ಕೊನೆಗೆ ಅಡಿಕೆ ಕತ್ತರಿಯಿಂದ ಸೀಲು ತುಂಡರಿಸಿದರು.

ಒಳಗೆ ಇಪ್ಪತ್ತೆರಡು ವಸ್ತುಗಳಿದ್ದವು. ಸಾಕ್ಸ್ ಇರಲಿಲ್ಲ.

ಫೋನು ಸತ್ತುಹೋಗಿತ್ತು. ಚಾರ್ಜಿಗೆ ಹಾಕಿ ಕಾದರು. ಹತ್ತು ಹದಿನೈದು ನಿಮಿಷ ಆದ ಮೇಲೆ ಪರದೆ ಬೆಳಗಿತು. ಅದರಿಂದ ಹೋದ ಕೊನೆಯ ಕರೆ ಹನ್ನೊಂದು ದಿನದ ಹಿಂದಿನದು, ಅವರು ತೀರಿಕೊಂಡ ರಾತ್ರಿ ಹೆಂಡತಿಗೆ ಮಾಡಿದ್ದು. ಆದರೆ ಸುಮತಿ ಅಕ್ಕನ ಫೋನಿನಲ್ಲಿ ಹಿಂದಿನ ರಾತ್ರಿಯ ಕರೆ ಇತ್ತು. ಅದೇ ನಂಬರಿನಿಂದ. ನಲವತ್ತೊಂದು ಸೆಕೆಂಡು. ಆ ಹೊತ್ತಿಗೆ ನಾವು ಸಮುದ್ರದ ಮೇಲೆ ಇದ್ದೆವು.

ನೆಂಟರಲ್ಲಿ ಒಬ್ಬರು ಎದ್ದು ಹೊರಗೆ ಹೋದರು.

"ಸೀಲು ಇನ್ನೊಂದು ತರಿಸಬಹುದು," ಎಂದರು ಜಗನ್ನಾಥಣ್ಣ. ಯಾರಿಗೋ ಅಲ್ಲ, ತನಗೇ ಹೇಳಿಕೊಂಡ ಹಾಗೆ. "ಎಂತ ಬೇಕಾದರೂ ಮಾಡಬಹುದು ಈ ಕಾಲದಲ್ಲಿ."

ಒಂದೇ ನಂಬರಿನ ಎರಡು ಸೀಲು ಎಲ್ಲಿಂದ ಬರಬೇಕು ಎಂದು ನಾನು ವಾದಿಸಲಿಲ್ಲ. ಕನ್ಯಾನಕ್ಕೆ ಹೋದೆ. ಎರಡು ದಿನ ಮಲಗಿದೆ. ನನ್ನ ಹೆಂಡತಿ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ನೀವೇ ಮಾಡಿ ಮರೆತಿರಲಿಕ್ಕಿಲ್ಲ ಅಲ್ವಾ? ನೀವು ಈಗ ಸರಿ ಇಲ್ಲ."

ಆ ಮಾತು ತಲೆಯಲ್ಲಿ ಕೂತಿತು. ನಿಜ, ನಾನು ಸರಿ ಇರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಏನೇನು ಮಾಡಿದೆ ಎಂದು ಕೇಳಿದರೆ ಅರ್ಧ ನನಗೆ ನೆನಪಿಲ್ಲ. ನಾನೇ ಮಾಡಿದ್ದು ಎಂದು ತೀರ್ಮಾನವಾದರೆ ನನಗೂ ನೆಮ್ಮದಿ. ಹುಚ್ಚಿಗೆ ಡಾಕ್ಟರು ಇದ್ದಾರೆ. ಎಷ್ಟೋ ರಾತ್ರಿ ಹಾಸಿಗೆಯಲ್ಲಿ ಕೂತು ನೆನಪಿಸಿಕೊಳ್ಳಲು ನೋಡಿದೆ. ನಾನು ಏಳುತ್ತೇನೆ, ಮೇಲಿನ ಡಬ್ಬಿ ತೆರೆಯುತ್ತೇನೆ, ಚೀಲ ಇಳಿಸುತ್ತೇನೆ... ಆ ಸೀಲಿನ ಹತ್ತಿರ ಬಂದು ಎಲ್ಲ ನಿಲ್ಲುತ್ತದೆ.

ಒಂದು ತಿಂಗಳು ಕಳೆಯಿತು. ನನ್ನ ರಜೆ ಮುಗಿಯಲು ಐದು ದಿನ ಇರುವಾಗ ಜಗನ್ನಾಥಣ್ಣ ಫೋನ್ ಮಾಡಿ ಮೂಡಬಿದಿರೆಗೆ ಬರಹೇಳಿದರು. ಅವರ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕುಳಿತೆವು. ಇಳಿದುಹೋಗಿದ್ದರು.

"ನಿನ್ನ ಮೇಲೆ ಸಂಶಯ ಪಟ್ಟೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ," ಎಂದರು. ಚಹಾ ಮುಂದೆ ದೂಡಿದರು. "ಆದರೆ ಒಂದು ಉಪಕಾರ ಆಗಬೇಕು. ಆ ದಿನ ಫೋನ್ ಮಾಡಿದ್ದು ನೀನೇ ಅಂತ ಸುಮತಿಗೆ ಹೇಳಬೇಕು."

ಎತ್ತಿದ ಚಹಾದ ಲೋಟವನ್ನು ಕೆಳಗಿಟ್ಟೆ.

"ಅವಳು ಮಲಗುವುದಿಲ್ಲ ಹಮೀದ್. ರಾತ್ರಿ ಹನ್ನೆರಡು ಗಂಟೆಗೆ ಫೋನ್ ಎದುರಿಗೆ ಇಟ್ಟುಕೊಂಡು ಜಗಲಿಯಲ್ಲಿ ಕೂತುಕೊಳ್ತಾಳೆ. ಬೆಳಗಾಗುವವರೆಗೆ. ಊಟ ಇಲ್ಲ, ಮಾತ್ರೆ ಇಲ್ಲ. ಮಗಳು ಹೆದರಿ ಹೋಗಿದ್ದಾಳೆ. ಹೀಗೆ ಆದರೆ ಅವಳೂ ಉಳಿಯುವುದಿಲ್ಲ. ನೀನು ಮಾಡಿದ್ದು ಅಂತ ಗೊತ್ತಾದರೆ ನಿನಗೆ ಬೈತಾಳೆ, ಶಾಪ ಹಾಕ್ತಾಳೆ. ಹಾಕಲಿ. ಆಮೇಲೆ ಅಳ್ತಾಳೆ. ಅತ್ತು ಮಲಗ್ತಾಳೆ."

"ಸುಳ್ಳಲ್ವಾ ಜಗನ್ನಾಥಣ್ಣ?"

"ಹನ್ನೊಂದು ದಿನ ಹೇಳಿದ್ದೇವಲ್ಲ ಇಬ್ಬರೂ. ಇನ್ನೊಂದು ಹೇಳು."

ಹೋಗುವ ಎಂದೆ.

ಹಗಲು ಹನ್ನೊಂದು ಗಂಟೆ. ಬಿಸಿಲು ಅಂಗಳದಲ್ಲಿ ಬಿದ್ದಿತ್ತು. ಸುಮತಿ ಅಕ್ಕ ಜಗಲಿಯಲ್ಲಿ ಕುಳಿತು ಬಸಳೆ ಸೋಸುತ್ತಿದ್ದರು. ತುಂಬಾ ಸೊರಗಿದ್ದರು, ಕಣ್ಣಿನ ಕೆಳಗೆ ಕಪ್ಪು. ಆದರೆ ಮುಖ ಶಾಂತವಾಗಿತ್ತು. ಜಗನ್ನಾಥಣ್ಣ ಅಂಗಳದಲ್ಲೇ ನಿಂತರು. ನಾನು ಮೆಟ್ಟಿಲಲ್ಲಿ ಕುಳಿತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದೆ.

"ಸುಮತಿ ಅಕ್ಕ, ನಿಮ್ಮಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ರಾತ್ರಿ ಫೋನ್ ಮಾಡಿದ್ದು ನಾನು. ನೀವು ಹೆದರಿಕೊಂಡು ಕೂತಿರ್ತೀರಿ ಅಂತ ವಸಂತಣ್ಣನ ಸ್ವರದಲ್ಲಿ ಮಾತಾಡಿದೆ. ಅವರ ಫೋನಿನಿಂದ. ತಪ್ಪಾಯ್ತು. ಕ್ಷಮಿಸಿ."

ಅವರ ಕೈ ನಿಂತಿತು. ಬೈಯುತ್ತಾರೆ ಎಂದು ಕಾದೆ. ತಲೆ ಎತ್ತಿ ನನ್ನನ್ನು ತುಂಬಾ ಹೊತ್ತು ನೋಡಿದರು.

"ನೀವಾ?"

"ಹೌದು."

"ನಿನ್ನೆ ರಾತ್ರಿ ಮಾಡಿದ್ದು?"

ಅಂಗಳದಲ್ಲಿ ಜಗನ್ನಾಥಣ್ಣನ ಚಪ್ಪಲಿಯ ಸದ್ದು ನಿಂತಿತು. ನನ್ನ ಬೆನ್ನ ಮೇಲೆ ಬಿಸಿಲು ಇತ್ತು. ಆ ಒಂದೂವರೆ ತಿಂಗಳಲ್ಲಿ ನನಗೆ ಮೊದಲ ಸಲ ಹೆದರಿಕೆ ಆದದ್ದು ಆಗಲೇ.

ಹಿಂದೆ ತಿರುಗಿ ನೋಡಿದೆ. ಜಗನ್ನಾಥಣ್ಣ ತುಟಿ ಬಿಗಿಹಿಡಿದು ತಲೆ ಆಡಿಸಿದರು. ಹೌದು ಎನ್ನು ಎಂದು.

"ಅದೂ ನಾನೇ," ಎಂದೆ.

ಸುಮತಿ ಅಕ್ಕ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಿರಾಳವಾದವರ ಹಾಗೆ ಉಸಿರು ಬಿಟ್ಟು ಬಸಳೆಯ ತಟ್ಟೆಯನ್ನು ಪಕ್ಕಕ್ಕೆ ಇಟ್ಟರು.

"ಸರಿ ಹಮೀದ್," ಎಂದರು. "ಹಾಗಾದ್ರೆ ನೀವು ಹೇಳಿದ ಹಾಗೆಯೇ ಮಾಡ್ತೇನೆ."

ಎದ್ದು ಒಳಗೆ ಹೋದರು. ಏನು ಹೇಳಿದ್ದೆ ಎಂದು ನಾನು ಹೇಗೆ ಕೇಳಲಿ?

ಈಗ ದಮಾಮ್‌ನಲ್ಲಿ ಇದ್ದೇನೆ. ಬೇರೆ ಕೋಣೆ ಕೇಳಿ ಪಡೆದಿದ್ದೇನೆ. ಸುಮತಿ ಅಕ್ಕ ಈಗ ಊಟ ಮಾಡುತ್ತಾರಂತೆ, ಚೆನ್ನಾಗಿ ನಿದ್ದೆ ಮಾಡುತ್ತಾರಂತೆ. ಮನೆಯ ಕೆಲಸಗಳನ್ನೆಲ್ಲ ಒಂದೊಂದಾಗಿ ಮಗಳಿಗೆ ಕಲಿಸುತ್ತಿದ್ದಾರಂತೆ. ಯಾವ ಸಾಮಾನು ಎಲ್ಲಿದೆ, ಯಾವ ಬೀಗಕ್ಕೆ ಯಾವ ಕೀ ಎಂದು ತೋರಿಸಿಕೊಡುತ್ತಿದ್ದಾರಂತೆ. ಜಗನ್ನಾಥಣ್ಣ ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಸಂತೋಷದಿಂದಲೇ ಹೇಳಿದರು. ಎಲ್ಲಿಗೋ ಹೊರಟವರು ಮಾಡುವಂಥ ಕೆಲಸ ಅದು ಎಂದು ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ...